ಗುಂಡುಸೂಜಿಯ ಚಿಲ್ಲರೆ

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನ ಜವಳಿ ಅಂಗಡಿಗೆ ಹೋದ ಹೆಂಗಸೊಬ್ಬಳು ಒಂದು ಗಜ ಬಟ್ಟೆಯ ಬೆಲೆ ಕೇಳಿದರೆ ಒಂದು ಶಿಲ್ಲಿಂಗ್ ಎಂಬ ಉತ್ತರ ಬರುವುದು ಅಪರೂಪ. ಹನ್ನೊಂದು ಮುಕ್ಕಾಲು ಪೆನ್ನಿ ಎಂದು ಬರುತ್ತಿತ್ತು. ಆಗಿನ ಲೆಕ್ಕದಲ್ಲಿ ಹನ್ನೆರಡು ಪೆನ್ನಿಗೆ ಒಂದು ಶಿಲ್ಲಿಂಗ್, ನಾಲ್ಕು ಫಾರ್ದಿಂಗಿಗೆ ಒಂದು ಪೆನ್ನಿ. ಶಿಲ್ಲಿಂಗ್ ಕೊಟ್ಟವಳಿಗೆ ಅಂಗಡಿಯವನು ಒಂದು ಫಾರ್ದಿಂಗನ್ನು ಹಿಂದಿರುಗಿಸಬೇಕು. ಎಷ್ಟೋ ಅಂಗಡಿಗಳಲ್ಲಿ ಅದನ್ನೂ ಹಿಂದಿರುಗಿಸುತ್ತಿರಲಿಲ್ಲ. ಕಾಗದಕ್ಕೆ ಸಾಲಾಗಿ ಚುಚ್ಚಿದ ಗುಂಡುಸೂಜಿಗಳನ್ನು ಕೈಯಲ್ಲಿಟ್ಟು ನಮಸ್ಕಾರ ಮಾಡಿ ಕಳುಹಿಸುತ್ತಿದ್ದರು. ಆಣೆ ಪೈಗಳ ಲೆಕ್ಕದಲ್ಲಿ ಬೆಳೆದ ನಮ್ಮ ಹಿರಿಯರಿಗೆ ಇದರ ಮರ್ಮ ತಟ್ಟನೆ ಹೊಳೆಯುತ್ತದೆ. ಉಳಿದವರು ಬಾಟಾ ಅಂಗಡಿಯ ತೊಂಬತ್ತೊಂಬತ್ತು ರೂಪಾಯಿ ತೊಂಬತ್ತೈದು ಪೈಸೆಯ ಚಪ್ಪಲಿಯನ್ನು ನೆನೆದುಕೊಂಡರೆ ಸಾಕು.

ನಾನು ಕನ್ನಡ ಪಾಠ ಹೇಳುವವನು, ಅರ್ಥಶಾಸ್ತ್ರ ಬಲ್ಲವನಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಗಳನ್ನು ಓದುವ ಚಟ ನನಗೆ ಮೊದಲಿನಿಂದಲೂ ಉಂಟು. ಅವುಗಳಲ್ಲಿ ನಾಯಕಿ ಹೊಸ ಉಡುಪು ಕೊಳ್ಳುವ ಪ್ರಸಂಗ ಬಂದಾಗಲೆಲ್ಲ ನನ್ನ ಲಕ್ಷ್ಯ ನಾಯಕಿಯನ್ನು ಬಿಟ್ಟು ಆ ಉಡುಪನ್ನು ಹೊಲಿದವಳ ಕಡೆಗೆ ಹೋಗುತ್ತದೆ. ಆ ಅರವತ್ತು ವರ್ಷಗಳಲ್ಲಿ ಬಟ್ಟೆ ಅಗ್ಗವಾಯಿತು, ಅಂಗಡಿಗಳು ಅರಮನೆಗಳಂತಾದುವು, ಹದಿನಾಲ್ಕು ಗಂಟೆಯ ಕೆಲಸವನ್ನು ಒಂದೂ ಕಾಲು ಗಂಟೆಯಲ್ಲಿ ಮುಗಿಸುವ ಯಂತ್ರ ಬಂದಿತು. ಹೊಲಿಯುವವಳ ರಾತ್ರಿಗಳು ಮಾತ್ರ ಏಕೆ ಚಿಕ್ಕವಾಗಲಿಲ್ಲ? ಕೊಳ್ಳುವವಳಿಗೆ ಉಳಿದ ಆ ಫಾರ್ದಿಂಗು ಯಾರ ಗಂಟಿನಿಂದ ಉಳಿದದ್ದು? ಇದನ್ನು ತಿಳಿಯಬೇಕಾದರೆ ಮೊದಲು ಅಂಗಡಿಗೇ ಹೋಗಬೇಕು.

ಆ ಕಾಲದ ಹೆಂಗಸಿಗೆ ಗೌನು ಸಿದ್ಧವಾಗಿ ಸಿಗುವ ಪದಾರ್ಥವಾಗಿರಲಿಲ್ಲ. ಶಾಲು, ಮೇಲುಹೊದಿಕೆ, ಟೋಪಿ, ಕಾಲುಚೀಲ ಇವು ಸಿದ್ಧವಾಗಿ ದೊರೆಯುತ್ತಿದ್ದುವು. ಮೈಗೆ ಹೊಂದುವ ಉಡುಪನ್ನು ಹೊಲಿಸಿಯೇ ತೊಡಬೇಕಾಗಿತ್ತು. ಗಂಡಸರ ಸಿದ್ಧ ಉಡುಪಿಗೆ ಲಂಡನ್ನಿನಲ್ಲಿ ಮೋಸೆಸ್ ಮತ್ತು ಮಗ ಎಂಬಂಥ ದೊಡ್ಡ ಅಂಗಡಿಗಳು ಆಗಲೇ ಇದ್ದುವು. ಬಡವರಿಗೆ ಪೆಟಿಕೋಟ್ ಲೇನಿನ ಹಳೆಯ ಬಟ್ಟೆಯ ಸಂತೆ ಇದ್ದಿತು. ಒಡೆಯರು ಉಟ್ಟು ಬಿಟ್ಟದ್ದನ್ನು ಆಳು, ಆಳು ಬಿಟ್ಟದ್ದನ್ನು ಇನ್ನೂ ಬಡವರು ಉಟ್ಟು ಹರಿಯುತ್ತಿದ್ದರು. ಇವೆರಡರ ನಡುವಿನ ಮಧ್ಯಮ ವರ್ಗದ ಗೃಹಿಣಿ ಬಟ್ಟೆಯನ್ನು ಗಜದ ಲೆಕ್ಕದಲ್ಲಿ ಕೊಂಡು, ಅಸ್ತರು, ದಾರ, ಗುಂಡಿ, ಕೊಕ್ಕೆ, ಅಂಚಿನ ಪಟ್ಟಿಗಳನ್ನು ಕೂಡಿಸಿಕೊಂಡು, ತಾನೇ ಹೊಲಿಯಬೇಕು ಇಲ್ಲವೆ ಹೊಲಿಗೆಯವಳಿಗೆ ಕೊಡಬೇಕು. ಅದರಲ್ಲಿಯೂ 1856ರಲ್ಲಿ ಉಕ್ಕಿನ ಬಳೆಗಳ ಕ್ರಿನೊಲಿನ್ ಪಂಜರ ಬಂದ ಮೇಲೆ ಲಂಗದ ಸುತ್ತಳತೆ ಎಷ್ಟು ಬೆಳೆಯಿತೆಂದರೆ ಒಂದು ಉಡುಪಿಗೆ ಹತ್ತು ಹನ್ನೆರಡು ಗಜ ಬಟ್ಟೆ ಹೆಚ್ಚೆನಿಸುತ್ತಿರಲಿಲ್ಲ. ಅದೇ 1856ರಲ್ಲಿ ಹದಿನೆಂಟು ವರ್ಷದ ಪರ್ಕಿನ್ ಎಂಬ ಹುಡುಗ ಕಲ್ಲಿದ್ದಲ ಟಾರಿನಿಂದ ಬರುವ ಅನಿಲಿನ್ ಎಂಬ ಪದಾರ್ಥದಿಂದ ನೇರಿಳೆ ಬಣ್ಣವೊಂದನ್ನು ಆಕಸ್ಮಿಕವಾಗಿ ತೆಗೆದನು. 1858ರ ಜನವರಿಯಲ್ಲಿ ತನ್ನ ಹಿರಿಯ ಮಗಳ ಮದುವೆಗೆ ರಾಣಿಯೇ ಆ ಬಣ್ಣ ತೊಟ್ಟಳು. ರಾಣಿ ತೊಟ್ಟದ್ದನ್ನು ರಾಜ್ಯವೆಲ್ಲ ತೊಡಲು ಹವಣಿಸುವುದು ಸಹಜವಷ್ಟೆ.

ಹಳೆಯ ಅಂಗಡಿಯ ರೀತಿ ನಮಗೆ ಅಪರಿಚಿತವಲ್ಲ. ನಮ್ಮ ಜವಳಿ ಅಂಗಡಿಯಲ್ಲಿ ಗಿರಾಕಿ ಬಿಳಿಯ ಗಾದಿಯ ಮೇಲೆ ಕುಳಿತರೆ ಅಲ್ಲಿ ಗಲ್ಲೆಯ ಎದುರಿಗೆ ಎತ್ತರದ ಕುರ್ಚಿಯ ಮೇಲೆ ಕೂರುತ್ತಿದ್ದಳು. ಅಂಗಡಿಯವನು ಥಾನುಗಳನ್ನು ತೆಗೆತೆಗೆದು ಉರುಳಿಸುತ್ತಿದ್ದನು. ಕುಲ, ಮನೆ, ಗಂಡನ ಉದ್ಯೋಗ ಇವು ಗೊತ್ತಿದ್ದವರಿಗೆ ಬಾಕಿ ಉಂಟು, ಗೊತ್ತಿಲ್ಲದವರಿಗೆ ಇಲ್ಲ. ಬಾಕಿ ವರ್ಷಗಟ್ಟಲೆ ನಿಲ್ಲುತ್ತಿದ್ದುದೂ ಉಂಟು. ಗ್ಯಾಸ್ಕೆಲ್ ಬರೆದ ‘ಕ್ರ್ಯಾನ್‌ಫರ್ಡ್’ ಕಾದಂಬರಿಯಲ್ಲಿ ಇಂಥ ಅಂಗಡಿಯ ಸೊಗಸಾದ ಚಿತ್ರವಿದೆ. ಕೆಳಗೆ ದಿನಸಿ, ಮೇಲೆ ರೇಷ್ಮೆ. ಮಿಸ್ ಮ್ಯಾಟಿ ಎಂಬ ಮುದಿ ಕನ್ಯೆ ಬಹು ದಿನದ ಆಸೆ ತೀರಿಸಿಕೊಳ್ಳಲು ಐದು ಚಿನ್ನದ ನಾಣ್ಯ ಹಿಡಿದು ರೇಷ್ಮೆಯ ಗೌನಿಗೆಂದು ಬರುತ್ತಾಳೆ. ಪಕ್ಕದಲ್ಲೇ ಒಬ್ಬ ರೈತ. ಅವನು ಕೊಟ್ಟ ಐದು ಪೌಂಡಿನ ನೋಟನ್ನು ಅಂಗಡಿಯವನು ಒಲ್ಲೆನೆನ್ನುತ್ತಾನೆ, ಅದು ಮುಳುಗುತ್ತಿರುವ ಬ್ಯಾಂಕಿನದು. ಆ ಬ್ಯಾಂಕಿನಲ್ಲಿ ಮ್ಯಾಟಿಯ ಪಾಲೂ ಉಂಟು. ಆಕೆ ತನ್ನ ಚಿನ್ನವನ್ನು ರೈತನಿಗೆ ಕೊಟ್ಟು ಆ ಬೆಲೆಯಿಲ್ಲದ ಕಾಗದವನ್ನು ತೆಗೆದುಕೊಂಡು, ರೇಷ್ಮೆಯಿಲ್ಲದೆ ಮನೆಗೆ ಹೋಗುತ್ತಾಳೆ. ಆ ಪ್ರಸಂಗವನ್ನು ನಾನು ಎಷ್ಟು ಸಲ ಓದಿದ್ದೇನೋ! ಎದುರಿಗಿರುವವನ ಮುಖ ನೋಡಿದ ಮೇಲೆ ಅವನ ನಷ್ಟದಲ್ಲಿ ತಾನು ಲಾಭ ಮಾಡಿಕೊಳ್ಳಲಾರೆನೆಂಬ ಸಂಕೋಚ ಅದು. ಮುಂದೆ ಬಂದ ಅಂಗಡಿಗಳಲ್ಲಿ ಆ ಮುಖ ಕಾಣುವ ಏರ್ಪಾಡೇ ಇಲ್ಲವಾಯಿತು.

ಬದಲಾವಣೆ ಕಿಟಕಿಯಿಂದ ಆರಂಭವಾಯಿತು. ಗಾಜಿನ ಮೇಲಿದ್ದ ಸುಂಕ 1845ರಲ್ಲಿ ಹೋಯಿತು. ಗೋಡೆಯಷ್ಟು ಅಗಲದ ಗಾಜು, ಅದರ ಹಿಂದೆ ಅನಿಲದ ದೀಪ, ದೀಪದ ಕೆಳಗೆ ಬೆಲೆಯ ಚೀಟಿ ಸಿಕ್ಕಿಸಿದ ಬಟ್ಟೆ. ಒಂದೇ ಬೆಲೆ ಹೇಳುವ ಪದ್ಧತಿಯನ್ನು ಕ್ವೇಕರ್ ಪಂಥದ ವರ್ತಕರು ಹದಿನೇಳನೆಯ ಶತಮಾನದಲ್ಲಿಯೇ ಹಿಡಿದಿದ್ದರು. ಒಂದು ಬೆಲೆ ಹೇಳಿ ಇನ್ನೊಂದಕ್ಕೆ ಕೊಡುವುದು ಸುಳ್ಳಾಡಿದಂತೆ ಎಂಬುದು ಅವರ ಭಾವನೆ. ಅವರು ಧರ್ಮವೆಂದು ಮಾಡಿದ್ದನ್ನು ಇವರು ವ್ಯಾಪಾರವೆಂದು ಮಾಡಿದರು. ಬೆಲೆ ನಿಶ್ಚಿತ, ಹಣ ಕೈಗೆ ಕೈ, ಲಾಭ ಸ್ವಲ್ಪ, ಮಾರಾಟ ಬಹಳ. ಚೌಕಾಸಿ ಬಲ್ಲ ಅನುಭವಸ್ಥ ಗುಮಾಸ್ತ ಇನ್ನು ಬೇಕಿಲ್ಲ, ಚೀಟಿ ಓದಬಲ್ಲ ಹುಡುಗನಾದರೆ ಸಾಕು. ನ್ಯೂಕ್ಯಾಸಲಿನ ಬೇನ್‌ಬ್ರಿಜ್ ಅಂಗಡಿ 1849ರ ಹೊತ್ತಿಗೇ ವಿಭಾಗ ವಿಭಾಗವಾಗಿ ಲೆಕ್ಕ ಇಡುತ್ತಿತ್ತು. ವೇಲ್ಸಿನ ನ್ಯೂಟೌನಿನಲ್ಲಿ ಪ್ರೈಸ್-ಜೋನ್ಸ್ ಎಂಬಾತ ಊರಿನ ಫ್ಲಾನೆಲ್ ಬಟ್ಟೆಯ ಮಾದರಿಗಳನ್ನು ಅಂಚೆಯಲ್ಲಿ ಕಳುಹಿಸಿ, ಬಂದ ಬೇಡಿಕೆಗಳನ್ನು ರೈಲಿನಲ್ಲಿ ತಲುಪಿಸುತ್ತಿದ್ದನು. ರಾಣಿಯೂ ಫ್ಲಾರೆನ್ಸ್ ನೈಟಿಂಗೇಲಳೂ ಅವನ ಗಿರಾಕಿಗಳು.

ಈ ವರ್ತಕರಲ್ಲಿ ವಿಲಿಯಂ ವೈಟ್ಲಿಯ ಕತೆ ಒಂದು ಕಾದಂಬರಿಗೆ ಸಾಲುವಂಥದು. ಯಾರ್ಕ್‌ಷೈರಿನ ಹುಡುಗನಾದ ಈತ 1851ರ ಮಹಾ ವಸ್ತುಪ್ರದರ್ಶನ ನೋಡಲು ಲಂಡನ್ನಿಗೆ ಬಂದನು. ಆ ಗಾಜಿನ ಅರಮನೆ ತಲೆಯಲ್ಲಿ ಕುಳಿತುಬಿಟ್ಟಿತು. 1863ರಲ್ಲಿ ವೆಸ್ಟ್‌ಬೋರ್ನ್ ಗ್ರೋವಿನಲ್ಲಿ ಪಟ್ಟಿ, ಲೇಸುಗಳ ಒಂದು ಸಣ್ಣ ಅಂಗಡಿ ಇಟ್ಟನು. ಅಕ್ಕಪಕ್ಕದ ಅಂಗಡಿಗಳನ್ನು ಒಂದೊಂದಾಗಿ ನುಂಗುತ್ತ ಹೋಗಿ, ಗುಂಡುಸೂಜಿಯಿಂದ ಆನೆಯವರೆಗೆ ಏನು ಕೇಳಿದರೂ ಕೊಡುವವನೆಂಬ ಹೆಸರು ಪಡೆದನು. ಮಾಂಸ ಮಾರಲು ಹೊರಟಾಗ, 1876ರಲ್ಲಿ, ಊರಿನ ಕಟುಕರು ರೇಗಿ ಅವನ ಪ್ರತಿಕೃತಿಯನ್ನು ಮೆರವಣಿಗೆ ಮಾಡಿ ಸುಟ್ಟರು. ಅಂಗಡಿಗೆ ಹಲವು ಸಲ ಬೆಂಕಿ ಬಿದ್ದಿತು. ಕೊನೆಗೆ 1907ರಲ್ಲಿ, ನಾನು ನಿನ್ನ ಮಗನೆಂದು ಹೇಳಿಕೊಂಡು ಬಂದ ಒಬ್ಬ ತರುಣ ಅಂಗಡಿಯಲ್ಲೇ ಅವನನ್ನು ಗುಂಡಿಟ್ಟು ಕೊಂದನು.

ಗಲ್ಲೆಯ ಹಿಂದೆ ನಿಂತವರ ಬಾಳು ಹೇಗಿದ್ದಿತೆಂಬುದಕ್ಕೆ ಎಚ್. ಜಿ. ವೆಲ್ಸ್ ಸಾಕ್ಷಿ. ಸೌತ್‌ಸೀಯ ಒಂದು ಜವಳಿ ಅಂಗಡಿಯಲ್ಲಿ ಅವನು 1881ರಿಂದ 1883ರವರೆಗೆ ಉಮೇದುವಾರನಾಗಿದ್ದನು. ದಿನಕ್ಕೆ ಹದಿಮೂರು ಗಂಟೆ ಕೆಲಸ. ಊಟ ಅಂಗಡಿಯದು, ಮಲಗುವುದು ಅಂಗಡಿಯ ಕೊಠಡಿಯಲ್ಲಿ ಸಾಲುಮಂಚದ ಮೇಲೆ, ಸಣ್ಣ ತಪ್ಪಿಗೂ ದಂಡ. ತಪ್ಪಿಸಿಕೊಂಡು ಹೋಗಿ ಓದಿದನು, ಬರೆದನು. ‘ಕಿಪ್ಸ್’ ಕಾದಂಬರಿಯಲ್ಲಿ ಆ ಸೆರೆವಾಸದ ಸೇಡನ್ನು ನಗುನಗುತ್ತ ತೀರಿಸಿಕೊಂಡನು. ಎಲ್ಲರಿಗೂ ವೆಲ್ಸನ ಲೇಖನಿ ಇರುವುದಿಲ್ಲ.

ಅಗ್ಗದ ಬಟ್ಟೆ ಎಂದೆನಲ್ಲ, ಆ ಅಗ್ಗ ಬಂದದ್ದು ಎಲ್ಲಿಂದ? ಮೊದಲ ಉತ್ತರ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮರು ಬಿಡಿಸಿದ ಹತ್ತಿ. 1861ರಲ್ಲಿ ಅಲ್ಲಿ ಅಂತರ್ಯುದ್ಧ ಹುಟ್ಟಿ ಹಡಗುಗಳು ನಿಂತಾಗ ಲ್ಯಾಂಕಷೈರಿನ ಗಿರಣಿಗಳೂ ನಿಂತುವು. ಲಕ್ಷಾಂತರ ಜನ ಗಂಜಿಯ ಸಾಲಿನಲ್ಲಿ ನಿಂತರು. ಆಗ ಮ್ಯಾಂಚೆಸ್ಟರಿನ ಕಣ್ಣು ನಮ್ಮ ಕಡೆಗೆ ತಿರುಗಿತು. ಮುಂಬಯಿಯಿಂದ ಹೋದ ಹತ್ತಿಗೆಲ್ಲ ಅಲ್ಲಿ ಸೂರತ್ ಎಂದೇ ಹೆಸರು. ಎಳೆ ಗಿಡ್ಡ, ಕಸ ಬಹಳ, ನೂಲು ಪದೇ ಪದೇ ಹರಿಯುತ್ತದೆ. ದೇವರೇ, ನಮಗೆ ಹತ್ತಿ ಕೊಡು ಎಂದು ಒಬ್ಬ ಪಾದ್ರಿ ಪ್ರಾರ್ಥಿಸಿದಾಗ, ಸೂರತ್ ಮಾತ್ರ ಬೇಡ ಎಂದು ಹಿಂದಿನಿಂದ ಒಬ್ಬ ನೂಲುಗಾರ ಕೂಗಿದನೆಂಬ ಕತೆಯುಂಟು. ನಮ್ಮ ಧಾರವಾಡ, ಹುಬ್ಬಳ್ಳಿ, ಗದಗಿನ ಕಪ್ಪು ನೆಲದಲ್ಲಿ 1840ರ ದಶಕದಿಂದ ಅಮೆರಿಕದ ಬೀಜ ಬಿತ್ತಿ ಬೆಳೆಸಿದ ‘ಧಾರವಾಡ-ಅಮೆರಿಕನ್’ ಹತ್ತಿಗೆ ಇದಕ್ಕಿಂತ ಮೇಲಾದ ಹೆಸರಿದ್ದಿತು. ಯುದ್ಧದ ವರ್ಷಗಳಲ್ಲಿ ಅದರ ಧಾರಣೆ ಗಗನಕ್ಕೇರಿತು. 1865ರಲ್ಲಿ ಯುದ್ಧ ಮುಗಿದೊಡನೆ ಧಾರಣೆಯೂ ಕೆಳಗಿಳಿಯಿತು. ಆ ಹತ್ತಿಯನ್ನು ಘಟ್ಟವಿಳಿಸಿ ಹಡಗು ಹತ್ತಿಸಲು ಕಾರವಾರದ ಬಂದರು ಬೇಕೆಂದು ಮ್ಯಾಂಚೆಸ್ಟರಿನ ವರ್ತಕರು ಹಟ ಹಿಡಿದದ್ದು, 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಕಿತ್ತು ಮುಂಬಯಿಗೆ ಸೇರಿಸಲು ಇದ್ದ ಕಾರಣಗಳಲ್ಲಿ ಒಂದು. ಲಂಡನ್ನಿನ ಗಲ್ಲೆಯ ಮೇಲೆ ಒಂದು ಗಜ ಬಟ್ಟೆ ಅಗ್ಗವಾಗಲೆಂದು ಕನ್ನಡ ನಾಡಿನ ಗೆರೆ ಬದಲಾದದ್ದನ್ನು ನಮ್ಮ ಏಕೀಕರಣದ ಇತಿಹಾಸ ಹೇಳುವವರು ಇನ್ನಷ್ಟು ಒತ್ತಿ ಹೇಳಬೇಕು.

ಇನ್ನು ಹೊಲಿಯುವವಳು. 1843ರಲ್ಲಿ ಲಂಡನ್ನಿನ ಲ್ಯಾಂಬೆತ್ ಭಾಗದ ಒಬ್ಬ ವಿಧವೆಯನ್ನು ನ್ಯಾಯಸ್ಥಾನಕ್ಕೆ ತಂದರು. ಹೊಲಿಯಲು ಅಂಗಡಿಯವನು ಕೊಟ್ಟ ಬಟ್ಟೆಯನ್ನು ಒತ್ತೆಯಿಟ್ಟು ಮಕ್ಕಳಿಗೆ ರೊಟ್ಟಿ ತಂದಿದ್ದಳೆಂಬುದು ಅಪರಾಧ. ಒಂದು ಷರಾಯಿ ಹೊಲಿದರೆ ಅವಳಿಗೆ 7 ಪೆನ್ನಿ, ದಾರ ಅವಳದೇ. ಮನಸ್ಸಿಟ್ಟು ದುಡಿದರೆ ವಾರಕ್ಕೆ 7 ಶಿಲ್ಲಿಂಗ್ ಸಂಪಾದಿಸಬಹುದೆಂದು ಒಡೆಯನ ಕಡೆಯವರ ವಾದ. ಆ ವರ್ಷದ ಡಿಸೆಂಬರಿನಲ್ಲಿ ‘ಪಂಚ್’ ಪತ್ರಿಕೆಯಲ್ಲಿ ಹೆಸರಿಲ್ಲದೆ ಒಂದು ಪದ್ಯ ಪ್ರಕಟವಾಯಿತು. ಅಂಗಿ ಹೊಲಿಯುವವಳೊಬ್ಬಳು ಹಸಿವಿನಲ್ಲಿ ಹಾಡಿಕೊಳ್ಳುವ ಹಾಡು ಅದು. ಬರೆದವನು ಥಾಮಸ್ ಹುಡ್, ಅದುವರೆಗೆ ವಿನೋದಕ್ಕೆ ಹೆಸರಾಗಿದ್ದ ಕವಿ. ದೇಶವೆಲ್ಲ ಅದನ್ನು ಓದಿ ಕಣ್ಣೀರಿಟ್ಟಿತು. ಹುಡ್ ಒಂದೂವರೆ ವರ್ಷದಲ್ಲಿ ತೀರಿಕೊಂಡನು. ಅವನ ಗೋರಿಯ ಮೇಲೆ ಬೇರಾವ ಕೃತಿಯನ್ನೂ ಹೇಳದೆ ಆ ಅಂಗಿಯ ಹಾಡನ್ನೇ ಹೇಳಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ನಮ್ಮಲ್ಲಿ ಸೂಜಿಕಾಯಕದ ರಾಮಿತಂದೆ ಸೂಜಿಯನ್ನು ಹೆಸರಿನಲ್ಲಿಯೇ ಧರಿಸಿ ವಚನಕಾರರ ಪಂಕ್ತಿಯಲ್ಲಿ ಕುಳಿತನು. ಲಂಡನ್ನಿನಲ್ಲಿ ಸೂಜಿ ಹಿಡಿದವಳ ಹಾಡನ್ನು ಅವಳ ಪರವಾಗಿ ಬೇರೊಬ್ಬನು ಬರೆಯಬೇಕಾಯಿತು.

ಸೂಜಿಯ ಮೇಲೆ ಅತ್ಯಂತ ಆತುರದ ಭಾರ ಬೀಳುತ್ತಿದ್ದುದು ಎರಡು ಸಂದರ್ಭಗಳಲ್ಲಿ, ಸಾವಿಗೆ ಮತ್ತು ಸಂಭ್ರಮಕ್ಕೆ. ಸಾವಿನ ಕಪ್ಪು ಉಡುಪಿಗಾಗಿಯೇ ರೀಜೆಂಟ್ ಬೀದಿಯಲ್ಲಿ 1841ರಲ್ಲಿ ಜೇ ಎಂಬವರು ಒಂದು ದೊಡ್ಡ ಅಂಗಡಿ ತೆರೆದಿದ್ದರು. ತಂತಿ ಕೊಟ್ಟರೆ ಅಳತೆ ತೆಗೆಯುವವರು ದೇಶದ ಯಾವ ಮೂಲೆಗಾದರೂ ರೈಲಿನಲ್ಲಿ ಬರುತ್ತಿದ್ದರು. ವಿಧವೆ ಎಷ್ಟು ತಿಂಗಳು ಯಾವ ಕ್ರೇಪ್ ತೊಡಬೇಕು, ಯಾವಾಗ ಬೂದು ಬಣ್ಣಕ್ಕೆ ಇಳಿಯಬಹುದು ಎಂಬುದಕ್ಕೆ ನಮ್ಮ ಧರ್ಮಸಿಂಧುವನ್ನು ನಾಚಿಸುವ ವಿಧಿನಿಯಮಗಳಿದ್ದುವು. 1861ರ ಡಿಸೆಂಬರಿನಲ್ಲಿ ರಾಣಿಯ ಪತಿ ಆಲ್ಬರ್ಟ್ ತೀರಿಕೊಂಡಾಗ ಕಪ್ಪು ಬಟ್ಟೆಗೆ ಬಂದ ಬೇಡಿಕೆಯನ್ನು ಊಹಿಸಿಕೊಳ್ಳಬಹುದು. ಸತ್ತವನಿಗಾಗಿ ನಾಳೆಯೇ ಉಡಬೇಕಾದ ಉಡುಪನ್ನು ಇಂದು ರಾತ್ರಿಯೇ ಯಾರೋ ಹೊಲಿಯಬೇಕಷ್ಟೆ.

ಸಂಭ್ರಮದ ಕತೆ ಇನ್ನೂ ಕ್ರೂರ. 1863ರ ಜೂನಿನಲ್ಲಿ, ಹೊಸದಾಗಿ ಮದುವೆಯಾಗಿ ಬಂದ ಯುವರಾಣಿಯ ಗೌರವಾರ್ಥ ನಡೆಯುವ ನೃತ್ಯಕೂಟಕ್ಕೆ ದೊಡ್ಡ ಮನೆಯ ಹೆಂಗಸರ ಉಡುಪುಗಳು ಕೂಡಲೇ ಬೇಕಾಗಿದ್ದುವು. ರೀಜೆಂಟ್ ಬೀದಿಯ ಒಂದು ಪ್ರತಿಷ್ಠಿತ ಹೊಲಿಗೆ ಮನೆಯಲ್ಲಿ ಮೇರಿ ಆನ್ ವಾಕ್ಲಿ ಎಂಬ ಇಪ್ಪತ್ತು ವರ್ಷದ ಹುಡುಗಿ ಅರವತ್ತು ಹುಡುಗಿಯರೊಡನೆ ಇಪ್ಪತ್ತಾರೂವರೆ ಗಂಟೆ ಎಡೆಬಿಡದೆ ಹೊಲಿದಳು. ಒಂದು ಕೋಣೆಗೆ ಮೂವತ್ತು ಮಂದಿ. ಮಲಗುವ ಗೂಡುಗಳಲ್ಲಿ ಗಾಳಿಯಿಲ್ಲ, ಒಂದು ಹಾಸಿಗೆಗೆ ಇಬ್ಬರು. ಶುಕ್ರವಾರ ಕಾಯಿಲೆ ಬಿದ್ದವಳು ಭಾನುವಾರ ಸತ್ತಳು. ಜೊತೆಯ ಹುಡುಗಿಯೊಬ್ಬಳು ‘ಟೈಮ್ಸ್’ ಪತ್ರಿಕೆಗೆ ಬರೆದ ಕಾಗದದಿಂದ ಸಂಗತಿ ಹೊರಬಿದ್ದಿತು. ಮಾರ್ಕ್ಸ್ ತನ್ನ ‘ಕ್ಯಾಪಿಟಲ್’ ಗ್ರಂಥದಲ್ಲಿ ಅವಳ ಹೆಸರನ್ನು ಉಳಿಸಿದನು. ‘ಪಂಚ್’ ಪತ್ರಿಕೆಯಲ್ಲಿ ಟೆನಿಯಲ್ ಒಂದು ಚಿತ್ರ ಬರೆದನು: ಹೊಸ ಉಡುಪು ತೊಟ್ಟ ಶ್ರೀಮಂತೆ ಕನ್ನಡಿಯಲ್ಲಿ ನೋಡಿಕೊಳ್ಳುತ್ತಾಳೆ, ಕನ್ನಡಿಯೊಳಗೆ ಸೋತು ಒರಗಿದ ಹೊಲಿಗೆಯವಳ ಪ್ರೇತ ಕಾಣುತ್ತದೆ.

ಹುಡ್‌ನ ಹಾಡಿಗೂ ವಾಕ್ಲಿಯ ಸಾವಿಗೂ ನಡುವೆ ಇಪ್ಪತ್ತು ವರ್ಷ. ಹೊಲಿಗೆಯ ಯಂತ್ರ ಬಂದದ್ದು ಈ ಇಪ್ಪತ್ತು ವರ್ಷಗಳಲ್ಲಿಯೇ.

ಯಂತ್ರದ ಹುಟ್ಟಿನ ಕತೆ ದರ್ಜಿಗಳ ಕೋಪದಿಂದ ಆರಂಭವಾಗುತ್ತದೆ. ಫ್ರಾನ್ಸಿನ ತಿಮೊನಿಯೆ ಎಂಬ ಬಡ ದರ್ಜಿ 1830ರಲ್ಲಿ ಒಂದು ಯಂತ್ರಕ್ಕೆ ಹಕ್ಕುಪತ್ರ ಪಡೆದು ಸೈನಿಕರ ಸಮವಸ್ತ್ರ ಹೊಲಿಯಲು ಪ್ಯಾರಿಸಿನಲ್ಲಿ ಕಾರ್ಖಾನೆ ಇಟ್ಟನು. ಹೊಟ್ಟೆಗೆ ಕಲ್ಲು ಬೀಳುವುದೆಂದು ಹೆದರಿದ ದರ್ಜಿಗಳು ನುಗ್ಗಿ ಎಲ್ಲವನ್ನೂ ಪುಡಿಮಾಡಿದರು. ಕೆಲಸ ಸಾಧಿಸಿದವನು ಅಮೆರಿಕದ ಎಲಿಯಾಸ್ ಹೌ. ಕೈಸೂಜಿಗೆ ಕಣ್ಣು ಬುಡದಲ್ಲಿ. ಹೌ ಅದನ್ನು ಮೊನೆಯ ಬಳಿ ಇಟ್ಟನು. ಮೇಲಿನ ದಾರ ಬಟ್ಟೆಯನ್ನು ತೂರಿ ಕೆಳಗೆ ಒಂದು ಕುಣಿಕೆ ಮಾಡುತ್ತದೆ, ಮಗ್ಗದ ಲಾಳಿಯಂಥ ಒಂದು ಪುಟ್ಟ ಲಾಳಿ ಎರಡನೆಯ ದಾರವನ್ನು ಆ ಕುಣಿಕೆಯೊಳಗಿಂದ ಒಯ್ಯುತ್ತದೆ, ಎರಡೂ ಒಂದನ್ನೊಂದು ಬಿಗಿಯುತ್ತವೆ. 1845ರಲ್ಲಿ ಬಾಸ್ಟನ್ನಿನಲ್ಲಿ ಐವರು ನುರಿತ ಹೊಲಿಗೆಯವರೊಡನೆ ಪಂದ್ಯ ಕಟ್ಟಿ ಗೆದ್ದನು. ಎಲ್ಲರೂ ಬೆರಗಾದರು, ಯಾರೂ ಕೊಳ್ಳಲಿಲ್ಲ. ಬೆಲೆ 300 ಡಾಲರ್. ಲಂಡನ್ನಿನಲ್ಲಿ ಹೆಂಗಸರ ಸೊಂಟ ಬಿಗಿಯುವ ಕಾರ್ಸೆಟ್ ಮಾಡಿಸುತ್ತಿದ್ದ ವಿಲಿಯಂ ಥಾಮಸ್ ಎಂಬವನು 250 ಪೌಂಡಿಗೆ ಆ ಯಂತ್ರವನ್ನೂ ಇಂಗ್ಲೆಂಡಿನ ಹಕ್ಕನ್ನೂ ಕೊಂಡನು. ಕೆಲವು ಕಾಲ ಹೌ ಅವನಲ್ಲಿಯೇ ಕೂಲಿಗೆ ದುಡಿದು, ಜಗಳವಾಗಿ, ತನ್ನ ಮಾದರಿಯನ್ನೂ ಹಕ್ಕುಪತ್ರವನ್ನೂ ಒತ್ತೆಯಿಟ್ಟು 1849ರಲ್ಲಿ ತಾಯ್ನಾಡಿಗೆ ಮರಳಿದನು. ಹೆಂಡತಿ ಕ್ಷಯದಿಂದ ಕೊನೆಯುಸಿರೆಳೆಯುತ್ತಿದ್ದಳು. ಗಂಡ ಕಾಯಿಲೆ ಬಿದ್ದಾಗ ಊರವರ ಬಟ್ಟೆ ಹೊಲಿದು ಸಂಸಾರ ನಡೆಸಿದ್ದವಳು ಅವಳೇ.

ಅಷ್ಟರಲ್ಲಿ ಇತರರು ಯಂತ್ರ ಮಾರತೊಡಗಿದ್ದರು. ಅವರಲ್ಲಿ ಮುಖ್ಯನಾದವನು ಐಸಾಕ್ ಸಿಂಗರ್, ನಾಟಕದ ಕಂಪನಿ ಕಟ್ಟಿಕೊಂಡು ಊರೂರು ಅಲೆದವನು. ಅವನಿಗೆ ಹಕ್ಕುಪತ್ರ ದೊರೆತದ್ದು 1851ರಲ್ಲಿ. ಹೌ ದಾವೆ ಹೂಡಿ 1854ರಲ್ಲಿ ಗೆದ್ದು 15,000 ಡಾಲರ್ ಪಡೆದನು. 1856ರಲ್ಲಿ ಮುಖ್ಯ ತಯಾರಕರೂ ಹೌ ಕೂಡ ಜಗಳ ಬಿಟ್ಟು ತಮ್ಮ ಹಕ್ಕುಗಳನ್ನೆಲ್ಲ ಒಂದೆಡೆ ಕೂಡಿಹಾಕಿ ಹಂಚಿಕೊಂಡರು. ಆದರೆ ಆ ವರ್ಷದ ದೊಡ್ಡ ಸಂಗತಿ ಇದಲ್ಲ. ಸಿಂಗರನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ ಎಂಬ ವಕೀಲ ಯಂತ್ರವನ್ನು ಕಂತಿನ ಮೇಲೆ ಕೊಡಲು ತೊಡಗಿದನು. 5 ಡಾಲರ್ ಮೊದಲು ಕೊಟ್ಟು ಮನೆಗೆ ಒಯ್ಯಿರಿ, ಉಳಿದದ್ದನ್ನು ತಿಂಗಳು ತಿಂಗಳಿಗೆ ಬಾಡಿಗೆಯಂತೆ ಕೊಡಿರಿ, ಪೂರ್ತಿ ತೀರುವವರೆಗೆ ಯಂತ್ರ ಕಂಪನಿಯದು. ನನ್ನನ್ನು ಕೇಳಿದರೆ ಹೌನ ಲಾಳಿಯಷ್ಟೇ ದೊಡ್ಡ ಆವಿಷ್ಕಾರ ಈ ಕಂತು.

ಯಂತ್ರ ಮಾರುವ ಅಂಗಡಿಯೂ ನೋಡುವಂತಿತ್ತು. ನೆಲಕ್ಕೆ ರತ್ನಗಂಬಳಿ, ಗೋಡೆಗೆ ಕನ್ನಡಿ. ಚೆನ್ನಾಗಿ ಉಟ್ಟ ತರುಣಿಯರು ಯಂತ್ರದ ಮುಂದೆ ಕುಳಿತು ಹೊಲಿದು ತೋರಿಸುತ್ತಿದ್ದರು. ಹೆಂಗಸರಿಗೆ ಯಂತ್ರ ನಡೆಸಲು ಬಾರದು ಎಂಬ ಗಂಡಸರ ನಂಬಿಕೆಗೆ ಅದೇ ಉತ್ತರ. ಪಾದ್ರಿಗಳ ಮನೆಗೆ ಬೆಲೆಯಲ್ಲಿ ರಿಯಾಯಿತಿ. ಪಾದ್ರಿಯ ಹೆಂಡತಿ ಕೊಂಡದ್ದನ್ನು ಊರಿನವರು ಸಂಶಯಿಸುವುದಿಲ್ಲವಷ್ಟೆ. ಕಪ್ಪು ಕಬ್ಬಿಣದ ಮೇಲೆ ಚಿನ್ನದ ಬಣ್ಣದ ಹೂಬಳ್ಳಿ, ಮರದ ಪೆಟ್ಟಿಗೆ, ನಡುಮನೆಯಲ್ಲಿ ಪಿಯಾನೋದ ಪಕ್ಕ ಇಟ್ಟರೂ ಒಪ್ಪುವಂತೆ. ವೀಲರ್ ಮತ್ತು ವಿಲ್ಸನ್ ಎಂಬ ತಯಾರಕರು ಒಂದು ಲೆಕ್ಕ ಪ್ರಕಟಿಸಿದರು: ಗಂಡಸಿನ ಒಂದು ಅಂಗಿ ಕೈಯಲ್ಲಿ ಹೊಲಿದರೆ 14 ಗಂಟೆ 26 ನಿಮಿಷ, ಯಂತ್ರದಲ್ಲಿ 1 ಗಂಟೆ 16 ನಿಮಿಷ. ಮಾರುವವರ ಲೆಕ್ಕ ಎಂದು ಸ್ವಲ್ಪ ಕಳೆದರೂ ಉಳಿದದ್ದು ಬೆರಗು ಹುಟ್ಟಿಸುವಂತಿದೆ.

ಉಳಿದ ಆ ಹದಿಮೂರು ಗಂಟೆ ಎಲ್ಲಿ ಹೋಯಿತು? ಅನುಕೂಲವಂತರ ಮನೆಯಲ್ಲಿ ಅದರ ಬಹು ಭಾಗ ಉಡುಪಿನ ಮೇಲೆಯೇ ಹೋಯಿತು. 1870ರ ದಶಕದ ಗೌನುಗಳ ಚಿತ್ರ ನೋಡಿರಿ: ನೆರಿಗೆಯ ಮೇಲೆ ನೆರಿಗೆ, ಝಾಲರಿಯ ಮೇಲೆ ಝಾಲರಿ, ಅದರಂಚಿಗೆ ಪಟ್ಟಿ, ಪಟ್ಟಿಯಂಚಿಗೆ ಲೇಸು. ಕೈಯಲ್ಲಿ ಹೊಲಿಯುವಾಗ ಯಾರೂ ಕೇಳಲು ಧೈರ್ಯ ಮಾಡದಿದ್ದ ಹೊಲಿಗೆಯನ್ನು ಯಂತ್ರ ಬಂದ ಮೇಲೆ ಎಲ್ಲರೂ ಕೇಳಿದರು. ಹೊಲಿಗೆ ಕಡಿಮೆಯಾಗುವ ಬದಲು ಹೆಚ್ಚಾಯಿತು. ಕೂಲಿಗೆ ಹೊಲಿಯುವವಳ ಮನೆಯಲ್ಲಿ ಆದದ್ದು ಬೇರೆ. ಅಂಗಿ ಬೇಗ ಮುಗಿಯುತ್ತದೆಯಲ್ಲ ಎಂದು ಅಂಗಿಯ ಕೂಲಿಯನ್ನು ಇಳಿಸಿದರು. ಕೈಸೂಜಿಗೆ ಕಾಸು ಸಾಕಾಗಿತ್ತು. ಈಗ ಕೆಲಸ ಬೇಕಾದರೆ ಯಂತ್ರ ಬೇಕು, ಯಂತ್ರಕ್ಕೆ ವಾರದ ಕಂತು ಬೇಕು. ಕಂತು ತಪ್ಪಿದರೆ ಕಂಪನಿಯವರು ಬಂದು ಯಂತ್ರ ಹೊತ್ತೊಯ್ಯುತ್ತಾರೆ, ಅದುವರೆಗೆ ಕಟ್ಟಿದ್ದೂ ಹೋಗುತ್ತದೆ. ಕೆಲಸ ಇದ್ದ ವಾರ ಕಂತಿಗಾಗಿ ದುಡಿಯಬೇಕು, ಇಲ್ಲದ ವಾರ ಕಂತಿಗಾಗಿ ಏನನ್ನಾದರೂ ಒತ್ತೆಯಿಡಬೇಕು. 1843ರ ವಿಧವೆಗೆ ಇದ್ದದ್ದು ಅಂಗಡಿಯವನೊಬ್ಬನ ಭಯ. ಅವಳ ಮೊಮ್ಮಗಳ ಕಾಲಕ್ಕೆ ಭಯ ಎರಡಾಯಿತು, ಕೆಲಸ ಕೊಡುವವನದು ಒಂದು, ಯಂತ್ರ ಕೊಟ್ಟವನದು ಇನ್ನೊಂದು. ಇಷ್ಟಾದರೂ ಯಂತ್ರವನ್ನೇ ದೂರುವುದು ನನಗೆ ಒಪ್ಪಿಗೆಯಿಲ್ಲ. ಸ್ವಂತದ್ದಾಗಿ ಉಳಿದ ಯಂತ್ರದಿಂದ ಎಷ್ಟು ವಿಧವೆಯರು ಮಕ್ಕಳನ್ನು ಓದಿಸಿಲ್ಲ, ನಮ್ಮ ಊರುಗಳಲ್ಲಿಯೇ?

ಗಾಂಧೀಜಿ ಯಂತ್ರಗಳನ್ನು ಎದುರಿಸುತ್ತಿದ್ದ ಕಾಲದಲ್ಲಿಯೂ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. 1924ರಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಪ್ರಕಟವಾದ ಒಂದು ಸಂಭಾಷಣೆಯಲ್ಲಿ, ಹೆಂಡತಿ ಕಷ್ಟಪಟ್ಟು ಹೊಲಿಯುವುದನ್ನು ನೋಡಲಾರದೆ ಸಿಂಗರ್ ಪ್ರೀತಿಯಿಂದ ಯಂತ್ರ ಕಂಡುಹಿಡಿದನೆಂದು ಅವರು ಹೇಳುತ್ತಾರೆ. ಮಹಾತ್ಮರ ಮಾತಿಗೆ ಎದುರಾಡುವುದು ಕಷ್ಟ. ಆದರೆ ಏಕಕಾಲದಲ್ಲಿ ಹಲವು ಸಂಸಾರ ಹೂಡಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳ ತಂದೆಯಾಗಿ, ಅಪವಾದಕ್ಕೆ ಹೆದರಿ ನ್ಯೂಯಾರ್ಕ್ ಬಿಟ್ಟು ಇಂಗ್ಲೆಂಡಿನಲ್ಲಿ ಅರಮನೆಯಂಥ ಮನೆ ಕಟ್ಟಿಸುತ್ತ 1875ರಲ್ಲಿ ಸತ್ತ ಸಿಂಗರನಿಗೆ ಆ ಕತೆ ಒಪ್ಪುವುದಿಲ್ಲ. ಹೌನಿಗಾದರೆ ಒಪ್ಪೀತು.

ಇಂಗ್ಲೆಂಡಿನಲ್ಲಿ ಕೊಳ್ಳುವವರ ಕಣ್ಣು ತೆರೆಯಲು ಇನ್ನೂ ಬಹಳ ಕಾಲ ಹಿಡಿಯಿತು. 1888ರಲ್ಲಿ ಬಿಯಾಟ್ರಿಸ್ ಪಾಟರ್ ಎಂಬ ಶ್ರೀಮಂತರ ಮನೆಯ ಹೆಣ್ಣು, ಮುಂದೆ ಬಿಯಾಟ್ರಿಸ್ ವೆಬ್ ಎಂದು ಪ್ರಸಿದ್ಧಳಾದವಳು, ಹಳೆಯ ಬಟ್ಟೆ ತೊಟ್ಟು ಲಂಡನ್ನಿನ ಈಸ್ಟ್ ಎಂಡಿನ ಹೊಲಿಗೆ ಮನೆಗಳಲ್ಲಿ ಷರಾಯಿ ಹೊಲಿಯುವ ಕೂಲಿಯಾಗಿ ಸೇರಿದಳು. ಕಂಡದ್ದನ್ನು ಬರೆದಳು, ಲಾರ್ಡ್ಸ್ ಸಭೆಯ ಸಮಿತಿಯ ಮುಂದೆ ಸಾಕ್ಷಿಯನ್ನೂ ಹೇಳಿದಳು. ಬೆವರಿನ ಪದ್ಧತಿ ಎಂದು ಹೆಸರಾದ ಆ ದುಡಿಮೆಯ ವಿಚಾರಣೆ 1890ರವರೆಗೆ ನಡೆಯಿತು, ದಪ್ಪ ದಪ್ಪ ಸಂಪುಟಗಳು ಹೊರಬಂದುವು. ಕೂಲಿಗೆ ಕೆಳಮಿತಿ ಇರಬೇಕೆಂಬ ಕಾನೂನು ಬಂದದ್ದು ವಿಕ್ಟೋರಿಯಾ ಸತ್ತು ಎಂಟು ವರ್ಷವಾದ ಮೇಲೆ, 1909ರಲ್ಲಿ. ಆಗ ಆರಿಸಿದ ನಾಲ್ಕೇ ಕಸುಬುಗಳಲ್ಲಿ ಸಿದ್ಧ ಉಡುಪಿನ ದರ್ಜಿಕೆಲಸ ಒಂದು, ಲೇಸಿನ ಕೆಲಸ ಒಂದು. ಹುಡ್ ಯಾವುದರ ಮೇಲೆ ಹಾಡು ಕಟ್ಟಿದ್ದನೋ ಆ ಅಂಗಿಯ ಹೊಲಿಗೆ ಪಟ್ಟಿಯಲ್ಲಿ ಇರಲಿಲ್ಲ. ಅದನ್ನು ಸೇರಿಸಿದ್ದು 1913ರಲ್ಲಿ.